ಬೀದಿ ಕಾಯುವ ಹೆಂಗಸರು: ಬ್ಯಾಂಕಾಕಿನಲ್ಲಿ ಮೊದಲ ದಿನ

ಬ್ಯಾಂಕಾಕಿಗೆ ಒಬ್ಬಳೇ ಹೋಗಿ ಬಂದೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ಹೆದರಿಕೆ ಆಗಲಿಲ್ವಾ?" ಆಫೀಸಿನವರು ಕೇಳಿದರು. ಉಡುಪಿಯಲ್ಲಿ ಅಮ್ಮನ ಪಕ್ಕದ ಮನೆಯವರು ಕೇಳಿದರು. ಉಳಿದ ದುಡ್ಡು ಬದಲಾಯಿಸಲು ಹೋದಾಗ ಕೌಂಟರಿನಲ್ಲಿದ್ದ ಹುಡುಗಿಯೂ ಕೇಳಿದಳು. ಆಗಲಿಲ್ಲ ಅಂತ ಹೇಳುತ್ತೇನೆ, ಅದು ನಿಜವೇ. ಆದರೆ ಹಾಗೆ ಹೇಳಿದಾಗಲೆಲ್ಲ ನನ್ನ ಪ್ರಶ್ನೆಯೊಂದು ಉಳಿದುಬಿಡುತ್ತದೆ. ಯಾಕೆ ಆಗಲಿಲ್ಲ? ಅಲ್ಲಿನ ಭಾಷೆ ಬರುವುದಿಲ್ಲ, ಅಕ್ಷರ ಓದಲು ಬರುವುದಿಲ್ಲ, ಗುರುತಿನವರು ಒಬ್ಬರೂ ಇಲ್ಲ, ಸುತ್ತಮುತ್ತ ಸೇರಿದರೆ ಕೋಟಿ ದಾಟುವ ಜನರ ಊರು. ಬೆಂಗಳೂರಿನಲ್ಲಿ ವರ್ಷಗಟ್ಟಲೆ ಇದ್ದೇನೆ. ಇಲ್ಲಿ ನನ್ನ ಭಾಷೆ ಇದೆ, ಬೀದಿ ಗೊತ್ತು, ಆಟೋದವರ ಹತ್ತಿರ ಜಗಳ ಆಡುವಷ್ಟು ಧೈರ್ಯವೂ ಇದೆ. ಆದರೂ ರಾತ್ರಿ ಒಂಬತ್ತೂವರೆ ದಾಟಿದ ಮೇಲೆ ಮೆಟ್ರೋ ಇಳಿದು ಮನೆಗೆ ನಡೆಯುವಾಗ ಫೋನು ಕಿವಿಗೆ ಹಿಡಿದು ಯಾರ ಜೊತೆಗೋ ಮಾತಾಡುವ ಹಾಗೆ ನಟಿಸುತ್ತೇನೆ. ಬ್ಯಾಂಕಾಕಿನಲ್ಲಿ ಮೊದಲ ರಾತ್ರಿಯೇ ಹನ್ನೊಂದರ ತನಕ ಸುಮ್ನೆ ಬೀದಿ ಸುತ್ತಿದೆ. ಫೋನು ಚೀಲದಲ್ಲೇ ಇತ್ತು.

ಎಲ್ಲರೂ ತಮ್ಮ ತಮ್ಮ ಕಾರಣ ಹೇಳುತ್ತಾರೆ. ಟೂರಿಸ್ಟ್ ಊರಲ್ವಾ, ಪೊಲೀಸರು ಬಿಗಿಯಾಗಿರುತ್ತಾರೆ ಅಂತ ಒಬ್ಬರು. ಬೌದ್ಧರು, ಸೌಮ್ಯ ಜನ ಅಂತ ಇನ್ನೊಬ್ಬರು. ದೀಪ, ಕ್ಯಾಮೆರಾ ಎಲ್ಲ ಇರುತ್ತಲ್ಲ ಅಂತ ಮತ್ತೊಬ್ಬರು. ಯಾವುದೂ ನನಗೆ ಸರಿ ಅನ್ನಿಸಲಿಲ್ಲ. ಆ ದಿನ ಪೊಲೀಸರು ಕಣ್ಣಿಗೆ ಬಿದ್ದಿದ್ದೇ ಕಮ್ಮಿ. ನನ್ನ ಹೋಟೆಲಿದ್ದ ಗಲ್ಲಿಯ ದೀಪ ವಿಜಯನಗರದ ಯಾವ ಕ್ರಾಸ್ ರೋಡಿಗಿಂತಲೂ ಮಂಕಾಗಿತ್ತು. ಆ ದಿನವನ್ನು ಬೆಳಗ್ಗೆಯಿಂದ ಒಂದೊಂದೇ ಗಂಟೆ ನೆನಪು ಮಾಡಿಕೊಂಡು ಕೂತಾಗ ಹೊಳೆದಿದ್ದು ಬೇರೆಯೇ. ನಾನು ಕಾಲಿಟ್ಟ ಕಡೆಯಲ್ಲೆಲ್ಲ ಒಬ್ಬ ಹೆಂಗಸು ಕೆಲಸ ಮಾಡುತ್ತಿದ್ದಳು. ಕೂತು, ನಿಂತು, ಗದರಿ, ನಕ್ಕು, ದುಡ್ಡು ಎಣಿಸಿ. ಅದೂ ಗಾಜಿನ ಬಾಗಿಲಿನ ಹಿಂದೆ ಅಲ್ಲ, ಬೀದಿಯಲ್ಲೇ.

ಬೆಳಗ್ಗೆ

ಬೆಂಗಳೂರಿನಿಂದ ಬ್ಯಾಂಕಾಕಿಗೆ ನಾಲ್ಕು ಗಂಟೆಯ ಒಳಗಿನ ಹಾರಾಟ. ಗಡಿಯಾರವನ್ನು ಒಂದೂವರೆ ಗಂಟೆ ಮುಂದೆ ತಿರುಗಿಸಬೇಕು. ಹಾಗಾಗಿ ನಡುರಾತ್ರಿ ಹೊರಟವರು ಬೆಳಕು ಹರಿಯುವ ಹೊತ್ತಿಗೆ ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಾರೆ, ಕಣ್ಣು ಉರಿಯುತ್ತಿರುತ್ತದೆ. ಕೆಳಗಿನ ಅಂತಸ್ತಿನಿಂದಲೇ ಊರೊಳಗೆ ರೈಲು ಇದೆ. ನಮ್ಮ ಮೆಟ್ರೋದ ಹಾಗೇ ಪ್ಲಾಸ್ಟಿಕ್ ಬಿಲ್ಲೆಯ ಟೋಕನ್, ಕೊನೆಯ ಸ್ಟೇಷನ್ ಫಯಾ ಥಾಯ್ ತನಕ 45 ಬಾತ್ (ಬಾತ್ ಅಂದರೆ ಅಲ್ಲಿಯ ದುಡ್ಡು). ಟ್ಯಾಕ್ಸಿಗಿಂತ ಇದು ವಾಸಿ. ಅಗ್ಗ ಅನ್ನುವುದಕ್ಕೆ ಮಾತ್ರ ಅಲ್ಲ. ಕೆಲಸಕ್ಕೆ ಹೊರಟವರ ನಡುವೆ ನಿಂತು ಊರು ಸೇರಿದರೆ ಮೊದಲ ಗಂಟೆಯಲ್ಲೇ ಊರಿನ ಮುಖ ನೋಡಿದ ಹಾಗಾಗುತ್ತದೆ.

ಫಯಾ ಥಾಯ್ ಸ್ಟೇಷನ್ನಿನ ಮೆಟ್ಟಿಲ ಬುಡದಲ್ಲಿ ಸಾಲಾಗಿ ತಳ್ಳುಗಾಡಿಗಳು. ಕೆಂಡದ ಮೇಲೆ ಹಂದಿಮಾಂಸದ ಕಡ್ಡಿ, ಪಕ್ಕದಲ್ಲಿ ಅಂಟಕ್ಕಿ ಅನ್ನದ ಪುಟ್ಟ ಪೊಟ್ಟಣಗಳು, ಸುಟ್ಟ ಬಾಳೆಹಣ್ಣು, ದೊಡ್ಡ ಪಾತ್ರೆಯಲ್ಲಿ ಬಿಸಿ ಸೋಯಾ ಹಾಲು. ಮಾರುವವರು ಹೆಚ್ಚುಕಮ್ಮಿ ಎಲ್ಲರೂ ಹೆಂಗಸರೇ. ಸೋಯಾ ಹಾಲಿನವಳ ಕೈ ನೋಡುತ್ತಾ ನಿಂತುಬಿಟ್ಟೆ. ಸೌಟಿನಿಂದ ಹಾಲನ್ನು ತೆಳ್ಳಗಿನ ಪ್ಲಾಸ್ಟಿಕ್ ಚೀಲಕ್ಕೆ ಸುರಿದು, ಬಾಯಿ ಹಿಡಿದು ಒಂದು ಸುತ್ತು ತಿರುಗಿಸಿ, ರಬ್ಬರ್ ಬ್ಯಾಂಡನ್ನು ಟಪಟಪ ಸುತ್ತಿ, ಬೆರಳು ತೂರಿಸಿ ಹಿಡಿಯಲು ಒಂದು ಕುಣಿಕೆಯನ್ನೂ ಬಿಡುತ್ತಿದ್ದಳು. ಒಂದು ಹನಿ ಹೊರಗೆ ಚೆಲ್ಲಲಿಲ್ಲ. ಅಷ್ಟರಲ್ಲಿ ಭಿಕ್ಷೆಗೆ ಹೊರಟ ಒಬ್ಬ ಭಿಕ್ಷು ಬರಿಗಾಲಲ್ಲಿ ಬಂದು ನಿಂತರು. ಆಕೆ ಸೌಟು ಕೆಳಗಿಟ್ಟು, ಚಪ್ಪಲಿ ಬಿಟ್ಟು, ಪಾತ್ರೆಗೆ ಎರಡು ಪೊಟ್ಟಣ ಹಾಕಿ ಫುಟ್‌ಪಾತಿನಲ್ಲೇ ಮಂಡಿಯೂರಿ ಕೈ ಮುಗಿದಳು. ಅವರು ಹರಸುವ ಮಂತ್ರ ಮುಗಿಸುವ ತನಕ ಗಿರಾಕಿಗಳೆಲ್ಲ ಸುಮ್ನೆ ಕಾದರು. ಮತ್ತೆ ಚಪ್ಪಲಿ, ಮತ್ತೆ ಸೌಟು. ಟೈ ಕಟ್ಟಿದ ಗಂಡಸೂ ಕಾದ, ನಾನೂ ಕಾದೆ. ಆ ಮೂಲೆಯ ಗಡಿಯಾರ ನಡೆಯುತ್ತಿದ್ದುದು ಆಕೆಯ ಲೆಕ್ಕದಲ್ಲಿ.

ಟ್ರಾಲಿ ಎಳೆದುಕೊಂಡು ಹೋಟೆಲ್ ಹುಡುಕುತ್ತಾ ಎರಡು ಸಲ ಗಲ್ಲಿ ಸುತ್ತಿದಾಗ ಇಸ್ತ್ರಿ ಅಂಗಡಿಯ ಹೆಂಗಸು ಕೇಳದೆಯೇ ಕೈ ಮಾಡಿ ದಾರಿ ತೋರಿಸಿದಳು. ಒಂದು ಮಾತಿಲ್ಲ, ನಗುವೂ ಇಲ್ಲ. ನಾನು ಹೋಗಬೇಕಾದ ಕಡೆ ಹೋದೆನಾ ಅಂತ ನೋಡಿ ಮತ್ತೆ ಇಸ್ತ್ರಿಗೆ ತಿರುಗಿದಳು. ಇದನ್ನೆಲ್ಲ ಆಗ ನಾನು ಗಮನಿಸಿದೆ ಅಂತಲೂ ಹೇಳಲಾರೆ. ಬೆನ್ನಿನ ಬಿಗಿ ಸ್ವಲ್ಪ ಸಡಿಲಾಗಿದ್ದು ಮಾತ್ರ ಗೊತ್ತಾಗಿತ್ತು.

ಸ್ಟೀಲ್ ಕೊಳವೆಯ ಸದ್ದು

ಮಧ್ಯಾಹ್ನ ಹಳೇ ಊರಿನ ಕಡೆ ಹೋಗಲು ಬಸ್ಸು ಹತ್ತಿದೆ. ಏಸಿ ಇಲ್ಲದ ಕೆಂಪು ಬಸ್ಸು, ನೆಲಕ್ಕೆ ಮರದ ಹಲಗೆ, ಚಾವಣಿಯಲ್ಲಿ ತಿರುಗುವ ಫ್ಯಾನು, ಕಿಟಕಿಗಳೆಲ್ಲ ತೆರೆದೇ ಇವೆ. ಎಲ್ಲಿ ಇಳಿದರೂ 8 ಬಾತ್. ಕಂಡಕ್ಟರ್ ಐವತ್ತರ ಆಸುಪಾಸಿನ ಹೆಂಗಸು. ಕೈಯಲ್ಲಿ ಒಂದು ಅಡಿಯಷ್ಟು ಉದ್ದದ ಸ್ಟೀಲ್ ಕೊಳವೆ. ಉದ್ದಕ್ಕೆ ಸೀಳಿದ ಹಾಗೆ ಅದು ಬಾಯಿ ತೆರೆಯುತ್ತದೆ. ಒಳಗೆ ಒಂದು ಕಡೆ ಟಿಕೆಟ್ಟಿನ ಸುರುಳಿಗಳು, ಇನ್ನೊಂದು ಕಡೆ ಚಿಲ್ಲರೆ. ಆಕೆ ಟಿಕೆಟ್ ಎಳೆದು ಮುಚ್ಚಳದ ಅಂಚಿಗೆ ಒತ್ತಿ ಹರಿಯುತ್ತಾಳೆ. ಕೆಲಸ ಇಲ್ಲದಾಗ ಮುಚ್ಚಳವನ್ನು ಕಟಕಟ ಅನ್ನಿಸುತ್ತಾ ನಡೆಯುತ್ತಾಳೆ. ಟಿಕೆಟ್ ತಗೊಳ್ಳಿ ಅಂತ ಬಾಯಲ್ಲಿ ಹೇಳುವುದೇ ಇಲ್ಲ, ಆ ಸದ್ದು ಹತ್ತಿರ ಬಂದರೆ ಜನ ತಾವಾಗಿ ಕೈಗೆ ಚಿಲ್ಲರೆ ತೆಗೆದುಕೊಳ್ಳುತ್ತಾರೆ. ಹತ್ತರ ನಾಣ್ಯ ಕೊಟ್ಟೆ, ನನ್ನ ಮುಖ ನೋಡದೆಯೇ ಎರಡು ಬಾತ್ ವಾಪಸ್ ಇಟ್ಟಳು.

ಬಸ್ಸು ತುಂಬತೊಡಗಿತು. ಬಿಳಿ ಅಂಗಿ, ಕಪ್ಪು ಲಂಗ ತೊಟ್ಟ ಕಾಲೇಜು ಹುಡುಗಿಯೊಬ್ಬಳು ಬಾಗಿಲ ಹತ್ತಿರದ ಕಂಬಿ ಹಿಡಿದು ನಿಂತಿದ್ದಳು. ಅವಳ ಹಿಂದೆ ಒಬ್ಬ ಗಂಡಸು. ಬಸ್ಸು ಬ್ರೇಕ್ ಹಾಕಿದಾಗ ಎಲ್ಲರೂ ವಾಲಿದರು, ಎಲ್ಲರೂ ನೆಟ್ಟಗಾದರು, ಆತ ಮಾತ್ರ ವಾಲಿದಲ್ಲೇ ಉಳಿದ. ನೋಡಿದ ಕೂಡಲೇ ನನ್ನ ಹೊಟ್ಟೆಯಲ್ಲಿ ಏನೋ ಬಿಗಿಯಿತು. ಹೈಸ್ಕೂಲಿನಿಂದ ಬಸ್ಸಿನಲ್ಲಿ ಓಡಾಡಿದ ನಮಗೆ ಆ ವಾಲುವಿಕೆ ಚೆನ್ನಾಗಿ ಗೊತ್ತು. ಕಂಡಕ್ಟರ್ ಬಸ್ಸಿನ ಹಿಂಬದಿಯಲ್ಲಿದ್ದಳು. ಅಲ್ಲಿಂದಲೇ ಕೊಳವೆಯ ಸದ್ದು ಶುರುವಾಯಿತು, ಈ ಸಲ ಬೇಗಬೇಗ. ನೇರ ಬಂದು ಆತನ ಮೊಣಕೈಗೆ ಕೊಳವೆಯನ್ನು ಮುಟ್ಟಿಸಿ ಎರಡು ಮಾತು ಹೇಳಿದಳು. ಕೂಗಲಿಲ್ಲ. ಆತ ಒಳಗೆ ಸರಿದ. ಆಕೆ ಹುಡುಗಿಗೂ ಏನೋ ಹೇಳಿ, ಅವಳನ್ನು ಒಬ್ಬ ಅಜ್ಜಿಯ ಸೀಟಿನ ಪಕ್ಕಕ್ಕೆ ಕಳಿಸಿ, ಖಾಲಿಯಾದ ಜಾಗದಲ್ಲಿ ತಾನೇ ನಿಂತಳು. ಮುಂದಿನ ಸ್ಟಾಪಿನಲ್ಲಿ ಹತ್ತಿದ ಭಿಕ್ಷುವಿಗೆ ಬಾಗಿಲ ಬಳಿಯ ಸೀಟು ಬಿಡಿಸಿದಳು. ಅದು ಅವರಿಗೇ ಮೀಸಲು, ಹೆಂಗಸರು ಅವರಿಗೆ ತಾಗಬಾರದು ಅಂತ ಅಲ್ಲಿಯ ರೂಢಿ. ಇಡೀ ಬಸ್ಸಿನಲ್ಲಿ ಯಾರು ಎಲ್ಲಿ ನಿಲ್ಲಬೇಕು, ಯಾರ ಮೈ ಯಾರಿಗೆ ತಾಗಬಾರದು ಅನ್ನುವುದು ಆಕೆಯ ತಲೆಯಲ್ಲಿತ್ತು. ಟಿಕೆಟ್ ಕೊಡುವುದು ಆ ಕೆಲಸದ ಒಂದು ಭಾಗ ಅಷ್ಟೇ.

ನಮ್ಮಲ್ಲೂ ಮಹಿಳಾ ಕಂಡಕ್ಟರುಗಳಿದ್ದಾರೆ. ಬಿಎಂಟಿಸಿ ಬಸ್ಸಿನಲ್ಲಿ ಅವರಿದ್ದ ದಿನ ನಾನು ಹಿಂದಿನ ಬಾಗಿಲ ಬಳಿಯೂ ಆರಾಮಾಗಿ ನಿಲ್ಲುತ್ತೇನೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಸರ್ಕಾರಿ ಬಸ್ಸುಗಳಲ್ಲಿ ಆದ ಬದಲಾವಣೆಯನ್ನು ಜನ ಬರೀ ದುಡ್ಡಿನ ಲೆಕ್ಕದಲ್ಲಿ ಮಾತಾಡುತ್ತಾರೆ. ನನಗೆ ಕಂಡಿದ್ದು ಇನ್ನೊಂದು. ಬಸ್ಸಿನ ತುಂಬ ಹೆಂಗಸರೇ ಇರುವಾಗ ಆ ವಾಲುವವನಿಗೆ ಜಾಗವೇ ಇರುವುದಿಲ್ಲ. (ನಮ್ಮ ಉಡುಪಿಯಲ್ಲಿ ಖಾಸಗಿ ಬಸ್ಸುಗಳೇ ಜಾಸ್ತಿ, ಹಾಗಾಗಿ ಶಕ್ತಿಯ ಈ ಲಾಭ ನಮ್ಮ ಕಡೆಯ ಹೆಂಗಸರಿಗೆ ಅರ್ಧಂಬರ್ಧ ಸಿಕ್ಕಿದೆ. ಇದರ ಬಗ್ಗೆ ಬೇರೆಯೇ ಬರೆಯಬೇಕು.)

ಹಳೇ ಊರಿನಲ್ಲಿ ಸುವರ್ಣಗಿರಿ ಅನ್ನುವ ಬೌದ್ಧ ದೇವಾಲಯದ ಗುಡ್ಡದ ಮೆಟ್ಟಿಲು ಹತ್ತಿದೆ, ಇಳಿದೆ. ಪಕ್ಕದ ಸೇನ್ ಸೇಪ್ ಕಾಲುವೆಯಲ್ಲಿ ದೋಣಿ ಓಡುತ್ತದೆ. 1837ರಿಂದ 1840ರ ನಡುವೆ, ಅಲ್ಲಿನ ರಾಜ ಮೂರನೇ ರಾಮನ ಕಾಲದಲ್ಲಿ, ವಿಯೆಟ್ನಾಮಿನ ಜೊತೆಗಿನ ಯುದ್ಧಕ್ಕೆ ಸೈನ್ಯ ಸಾಗಿಸಲು ತೋಡಿದ ಕಾಲುವೆ. ಇವತ್ತು ಆಫೀಸಿಗೆ ಹೋಗುವವರ ದಾರಿ. ನೀರು ಕಪ್ಪು, ವಾಸನೆಯೂ ಇದೆ, ಎರಚಾಡಿದರೆ ಪ್ರಯಾಣಿಕರೇ ಹಗ್ಗ ಎಳೆದು ಪಕ್ಕದ ಟಾರ್ಪಾಲು ಎತ್ತಿಕೊಳ್ಳುತ್ತಾರೆ. ಅದರಲ್ಲೂ ಹೆಲ್ಮೆಟ್ ಹಾಕಿಕೊಂಡ ಹೆಂಗಸೊಬ್ಬಳು ದೋಣಿಯ ಹೊರ ಅಂಚಿನ ಮೇಲೆ, ಒಂದು ಪಾದ ಹಿಡಿಸುವಷ್ಟು ಜಾಗದಲ್ಲಿ, ಹಗ್ಗ ಹಿಡಿದು ನಡೆಯುತ್ತಾ ಟಿಕೆಟ್ ಕೊಡುತ್ತಿದ್ದಳು. ಕಾಲುವೆಯಿಂದ ಸ್ವಲ್ಪ ದೂರದ ಮಹಾಚಾಯ್ ರಸ್ತೆಯಲ್ಲಿ ಜೇ ಫೈ ಅವರ ಅಂಗಡಿ. ಒಳ್ಳೆಯ ಅಡುಗೆಗೆ ನಕ್ಷತ್ರ ಕೊಡುವ ಮಿಶೆಲಿನ್ ಗೈಡ್ ಬ್ಯಾಂಕಾಕಿಗೆ ಅಂತ ಮೊದಲ ಸಲ ಬಂದಾಗಲೇ, ಅಂದರೆ 2018ರ ಆವೃತ್ತಿಯಲ್ಲಿ, ಒಂದು ನಕ್ಷತ್ರ ಪಡೆದ ಬೀದಿ ಅಡುಗೆಯವರು. ಉರಿಯಿಂದ ಕಣ್ಣು ಕಾಪಾಡಲು ಸ್ಕೀ ಕನ್ನಡಕ ಹಾಕಿಕೊಂಡು, ಇದ್ದಿಲ ಒಲೆಯ ಮುಂದೆ ನಿಂತು ಏಡಿ ಆಮ್ಲೆಟ್ ಮಾಡುತ್ತಾರೆ. ಎಪ್ಪತ್ತು ದಾಟಿದ ಮೇಲೂ ಬಾಣಲೆಯನ್ನು ಬೇರೆಯವರ ಕೈಗೆ ಕೊಡದವರು. ನಾನು ಕ್ಯೂ ನಿಲ್ಲಲಿಲ್ಲ. ರಸ್ತೆಯ ಈಚೆಯಿಂದ ನೋಡಿದ್ದಷ್ಟೇ ಸಾಕಾಯಿತು.

ರಾತ್ರಿಯ ಹೂಮಾರುಕಟ್ಟೆ

ಮಹಾಚಾಯ್ ರಸ್ತೆ ಹಿಡಿದು ತೆಂಕಣಕ್ಕೆ ನಡೆದರೆ ನದಿ ಸಿಗುವ ಹೊತ್ತಿಗೆ ಪಾಕ್ ಖ್ಲಾಂಗ್ ತಲಾತ್, ಬ್ಯಾಂಕಾಕಿನ ದೊಡ್ಡ ಹೂಮಾರುಕಟ್ಟೆ. ಹಗಲೂ ರಾತ್ರಿ ತೆರೆದಿರುತ್ತದೆ, ಆದರೆ ವ್ಯಾಪಾರ ಕುದುರುವುದು ಕತ್ತಲಾದ ಮೇಲೆ. ನಾನು ಹೋಗುವ ಹೊತ್ತಿಗೆ ಲಾರಿಗಳು ಬರುತ್ತಿದ್ದವು. ಚೆಂಡುಹೂವಿನ ಮೂಟೆ, ಕಮಲದ ಮೊಗ್ಗಿನ ಕಟ್ಟು, ನೇರಳೆ ಆರ್ಕಿಡ್. ಕೈಗಾಡಿ ತಳ್ಳುವ ಹುಡುಗರು ದಾರಿ ಬಿಡಿ ಅಂತ ಕೂಗುತ್ತಾ ಓಡುತ್ತಿದ್ದರು. ಕೂತು ಮಾರುವವರು, ಕಟ್ಟುವವರು, ಚೌಕಾಸಿ ಮಾಡುವವರು, ದುಡ್ಡಿನ ಡಬ್ಬಿ ಮಡಿಲಲ್ಲಿ ಇಟ್ಟುಕೊಂಡವರು ಮುಕ್ಕಾಲು ಪಾಲು ಹೆಂಗಸರು.

ನಾನು ಮಲ್ಲಿಗೆಯ ಊರಿನವಳು. ಶಂಕರಪುರದ ಹತ್ತಿರ ನಮ್ಮ ಮನೆ. ಬೆಳಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಮಾಡಿ ಕಳಿಸುವ ಕೆಲಸದಲ್ಲೇ ನನ್ನ ಬಾಲ್ಯ ಕಳೆದಿದೆ. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಹಾಗಾಗಿ ಇಲ್ಲಿ ಕಾಲು ತಾನಾಗಿ ನಿಂತಿತು. ಮಲ್ಲಿಗೆ ಮೊಗ್ಗುಗಳನ್ನು ಪುಡಿ ಐಸಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಟ್ಟಿದ್ದರು. ತಣ್ಣಗಿದ್ದರೆ ಅರಳುವುದಿಲ್ಲ. ಅವರು ನಮ್ಮ ಹಾಗೆ ಗಂಟು ಹಾಕಿ ಕಟ್ಟುವುದಿಲ್ಲ, ಪೋಣಿಸುತ್ತಾರೆ. ಒಂದು ಅಡಿ ಉದ್ದದ ಸೂಜಿ. ಅದಕ್ಕೆ ಸ್ವಲ್ಪ ವ್ಯಾಸಲೀನ್ ಸವರಿ, ಮೊಗ್ಗುಗಳನ್ನು ಸುತ್ತಲೂ ಒಂದೇ ಅಳತೆಯಲ್ಲಿ ಚುಚ್ಚುತ್ತಾ ಹೋಗಿ, ಸೂಜಿ ತುಂಬಿದ ಮೇಲೆ ಇಡೀ ಸಾಲನ್ನು ಒಂದೇ ಎಳೆತಕ್ಕೆ ದಾರಕ್ಕೆ ಇಳಿಸುತ್ತಾರೆ. ನಡುನಡುವೆ ಎಕ್ಕದ ಹೂವು. ನಮ್ಮಲ್ಲಿ ಗಣಪತಿಗೆ, ಹನುಮಂತನಿಗೆ ಹಾಕುವ ಅದೇ ಎಕ್ಕ, ಅಲ್ಲಿ ಅದರ ನಡುವಿನ ಬಿಳಿ ಕಿರೀಟದಂಥ ಭಾಗವನ್ನಷ್ಟೇ ಬಿಡಿಸಿ ಮಾಲೆಗೆ ಸೇರಿಸುತ್ತಾರೆ. ತುದಿಗೆ ಗುಲಾಬಿ ಅಥವಾ ಆರ್ಕಿಡ್ಡಿನ ಕುಚ್ಚು.

ನಾನು ತುಂಬ ಹೊತ್ತು ನಿಂತಿದ್ದನ್ನು ನೋಡಿ ಒಬ್ಬಾಕೆ ಕಾಲಿನಿಂದಲೇ ಪ್ಲಾಸ್ಟಿಕ್ ಸ್ಟೂಲನ್ನು ನನ್ನ ಕಡೆ ತಳ್ಳಿದಳು. ಕೂತೆ. ಮೊಗ್ಗು ತೋರಿಸಿ, ನನ್ನನ್ನು ತೋರಿಸಿ, ಕಟ್ಟುವ ಹಾಗೆ ಬೆರಳು ಆಡಿಸಿದೆ. ಒಂದು ಹಿಡಿ ಮೊಗ್ಗು, ಒಂದು ತುಂಡು ದಾರ ಕೊಟ್ಟಳು. ಬಾಳೆನಾರಿನ ಹಿಡಿತ ದಾರಕ್ಕೆ ಇಲ್ಲ, ಆದರೂ ಗೇಣುದ್ದ ಕಟ್ಟಿದೆ. ಎರಡು ಮೊಗ್ಗು ಈಚೆ, ಎರಡು ಆಚೆ, ಬೆರಳ ಮೇಲೆ ಸುತ್ತಿ ಒಂದು ಬಿಗಿತ. ಆಕೆ ಅದನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದಳು. ಆಮೇಲೆ ಕೊನೆಯ ಎರಡು ಗಂಟನ್ನು ಬಿಚ್ಚಿ, ಹೇಗೆ ಹಾಕಿದ್ದು ಅಂತ ನೋಡಿ, ತಾನೇ ಮತ್ತೆ ಹಾಕಿದಳು. ಸರಿಯಾಗಿಯೇ ಹಾಕಿದಳು. ಪಕ್ಕದವಳಿಗೂ ತೋರಿಸಿದಳು. ಅಷ್ಟರಲ್ಲಿ ಗಿರಾಕಿ ಬಂದ, ನನ್ನನ್ನು ಮರೆತು ಚೌಕಾಸಿಗೆ ಇಳಿದಳು. ನನಗೆ ಅದು ತುಂಬ ಹಿಡಿಸಿತು. ಅತಿಥಿ ಅಂತ ಉಪಚಾರ ಮಾಡಲಿಲ್ಲ, ಟೂರಿಸ್ಟ್ ಅಂತ ಮಾರಲು ನೋಡಲಿಲ್ಲ. ಕೆಲಸ ಗೊತ್ತಿರುವ ಇನ್ನೊಂದು ಜೋಡಿ ಕೈ ಅಂತ ಸ್ಟೂಲು ಕೊಟ್ಟಳು.

ಆಗ ಅಮ್ಮನ ವಿಡಿಯೋ ಕಾಲ್ ಬಂತು. ಅಲ್ಲಿ ಹತ್ತು ಗಂಟೆ, ಊರಿನಲ್ಲಿ ಎಂಟೂವರೆ. "ಈ ಹೊತ್ತಲ್ಲಿ ಹೊರಗೆ ಎಂತ ಮಾಡ್ತಿದ್ದಿ ಮಾರಾಯ್ತಿ?" ಅಂತ ಶುರು ಮಾಡಿದರು. ಫೋನು ತಿರುಗಿಸಿ ಸುತ್ತ ತೋರಿಸಿದೆ. ಐಸಿನಲ್ಲಿದ್ದ ಮೊಗ್ಗು, ಉದ್ದ ಸೂಜಿ, ಸಾಲಾಗಿ ಕೂತ ಹೆಂಗಸರು, ಮೇಜಿನ ಕೆಳಗೆ ಚಾಪೆ ಹಾಸಿ ಮಲಗಿದ್ದ ಒಂದು ಮಗು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದ್ದು, "ಅಟ್ಟೆಗೆ ಎಷ್ಟಂತೆ, ಕೇಳು." ಬೇಗ ರೂಮಿಗೆ ಹೋಗು ಅನ್ನುವ ಮಾತು ಬರಲೇ ಇಲ್ಲ. ಗಂಡಸರ ದೊಡ್ಡ ಗುಂಪಿನ ನಡುವೆ ನಾನು ಹಗಲು ಹನ್ನೆರಡಕ್ಕೆ ಇದ್ದಿದ್ದರೂ ಅಮ್ಮ ಇಷ್ಟು ನಿರಾಳವಾಗಿ ಮಾತಾಡುತ್ತಿರಲಿಲ್ಲ. ಅಲ್ಲಿ ಹೂವು ತೂಕದ ಲೆಕ್ಕದಲ್ಲಿ ಮಾರುತ್ತಾರೆ ಅಂತ ಹೇಳಿದೆ. ಅದು ಅವರಿಗೆ ಸರಿ ಬರಲಿಲ್ಲ, ತೂಕ ಹಾಕಿದರೆ ಒದ್ದೆ ಹೂವಿನಲ್ಲಿ ಮೋಸ ಅಂದರು.

ಇದೇನು ಇವತ್ತಿನದ್ದಲ್ಲ

ಊರಿಗೆ ಬಂದ ಮೇಲೆ ಓದಿದೆ. ಅಲ್ಲಿನ ಹೆಂಗಸರು ಬೀದಿಗೆ ಬಂದದ್ದು ಇತ್ತೀಚೆಗಲ್ಲ. ಹದಿನೈದನೇ ಶತಮಾನದ ಮೊದಲ ದಶಕಗಳಲ್ಲಿ ಚೀನಾದ ನೌಕಾಪತಿ ಝೆಂಗ್ ಹೆಯ ಹಡಗುಗಳ ಜೊತೆ ದುಭಾಷಿಯಾಗಿ ಹೋದ ಮಾ ಹುವಾನ್, ಸಯಾಮಿನಲ್ಲಿ (ಥಾಯ್ಲೆಂಡಿನ ಹಳೇ ಹೆಸರು) ವ್ಯಾಪಾರದ ತೀರ್ಮಾನವೆಲ್ಲ ಹೆಂಡತಿಯರದ್ದೇ ಅಂತ ಬರೆದಿಟ್ಟಿದ್ದಾನೆ. ಬ್ಯಾಂಕಾಕಿಗೂ ಮೊದಲು ರಾಜಧಾನಿಯಾಗಿದ್ದ ಅಯುತ್ಥಯದ ಕಾಲದಲ್ಲಿ ಸಾಮಾನ್ಯ ಗಂಡಸರು ವರ್ಷದಲ್ಲಿ ಆರು ತಿಂಗಳವರೆಗೂ ರಾಜನಿಗೆ ಬಿಟ್ಟಿ ಚಾಕರಿ ಮಾಡಬೇಕಿತ್ತು. ಗಂಡ ಕೋಟೆ ಕಟ್ಟಲು ಹೋದರೆ ಗದ್ದೆ, ಸಂತೆ, ಸಾಲ ಎಲ್ಲ ಹೆಂಡತಿಯ ಕೈಗೆ. ಜೊತೆಗೆ ಮದುವೆಯಾದ ಗಂಡು ಹೆಂಡತಿಯ ಮನೆಗೆ ಬಂದು ಇರುವ ರೂಢಿ ಅಲ್ಲಿನ ಹಳ್ಳಿಗಳಲ್ಲಿ ವ್ಯಾಪಕವಾಗಿತ್ತು. ಇವತ್ತಿಗೂ ಅಲ್ಲಿ ದುಡಿಯುವ ವಯಸ್ಸಿನ ಹತ್ತು ಹೆಂಗಸರಲ್ಲಿ ಸುಮಾರು ಆರು ಮಂದಿ ದುಡಿಯುತ್ತಿದ್ದಾರೆ ಇಲ್ಲವೇ ಕೆಲಸ ಹುಡುಕುತ್ತಿದ್ದಾರೆ. ನಮ್ಮ ದೇಶದ ನಗರಗಳಲ್ಲಿ, 2023-24ರ ಸರ್ಕಾರಿ ಸಮೀಕ್ಷೆಯ ಪ್ರಕಾರ, ಆ ಲೆಕ್ಕ ನೂರಕ್ಕೆ 28.

ಹೆಂಡತಿಯ ಮನೆ, ಸಂತೆ, ಹೆಂಗಸರ ಕೈಯಲ್ಲಿ ದುಡ್ಡು ಅನ್ನುವಾಗ ಕರಾವಳಿಯವರಿಗೆ ಏನು ನೆನಪಾಗುತ್ತದೆ ಅಂತ ಹೇಳಬೇಕಿಲ್ಲ. ಆಸ್ತಿ ತಾಯಿಯ ಕಡೆಯಿಂದ ಇಳಿಯುವ ಅಳಿಯಕಟ್ಟು ಇದ್ದ ನಾಡು ನಮ್ಮದು. ಕಡಲಿಗೆ ಹೋಗುವುದು ಗಂಡಸರು, ಮೀನು ದಡಕ್ಕೆ ಬಂದ ಮೇಲಿನ ವ್ಯಾಪಾರ ಹೆಂಗಸರದ್ದು. ಮಲ್ಪೆಯಿಂದ ಬುಟ್ಟಿ ಹೊತ್ತು ಬರುವ ಮೊಗವೀರ ಹೆಂಗಸರ ಗಂಟಲಿಗೆ ಹೆದರದ ಗಂಡಸು ನಮ್ಮೂರಲ್ಲಿಲ್ಲ. ಚಿಕ್ಕವಳಿದ್ದಾಗ ಉಡುಪಿಯ ಮೀನು ಮಾರ್ಕೆಟ್ಟಿಗೆ ಅಮ್ಮ ನನ್ನನ್ನು ಒಬ್ಬಳನ್ನೇ ಕಳಿಸುತ್ತಿದ್ದರು. ಅದೇ ಅಮ್ಮ ಸಿನಿಮಾ ಟಾಕೀಸಿನ ರಸ್ತೆಯಲ್ಲಿ ಕೈ ಬಿಡುತ್ತಿರಲಿಲ್ಲ. ಮಾರ್ಕೆಟ್ಟಿನಲ್ಲಿ ಜನಜಂಗುಳಿ ಜಾಸ್ತಿ, ಜಾರುವ ನೆಲ, ಕಿರುಚಾಟ, ಆದರೂ. ಒಂದು ದಿನ ಅಲ್ಲಿ ನನ್ನ ಹಿಂದೆಯೇ ಸುತ್ತುತ್ತಿದ್ದ ಒಬ್ಬನಿಗೆ ಬಂಗುಡೆ ಮಾರುತ್ತಿದ್ದ ಅಜ್ಜಿಯೊಬ್ಬರು ಕತ್ತಿ ಕೆಳಗಿಡದೆಯೇ "ನಿನಗೆ ಎಂತ ಬೇಕಾ?" ಅಂತ ಕೇಳಿದರು. ಆತ ಮತ್ತೆ ಕಾಣಿಸಲಿಲ್ಲ. ಬ್ಯಾಂಕಾಕಿನ ಬಸ್ಸಿನಲ್ಲಿ ಕಂಡದ್ದನ್ನು ನಾನು ಹತ್ತು ವರ್ಷದವಳಿದ್ದಾಗಲೇ ಕಂಡಿದ್ದೆ. ಹಾಗಾಗಿ ಇದನ್ನು ಆ ದೇಶ, ಈ ದೇಶ ಅಂತ ವಿಂಗಡಿಸುವುದು ಸರಿಯಲ್ಲ. ಬೀದಿಯಲ್ಲಿ ತನ್ನ ಅನ್ನ ಇರುವ ಹೆಂಗಸು ಆ ಬೀದಿಯನ್ನು ಕೆಡಲು ಬಿಡುವುದಿಲ್ಲ. ಅವಳಿಗೆ ಅಲ್ಲಿ ನಾಳೆಯೂ ಕೂರಬೇಕು.

ಇದನ್ನು ಚಂದದ ಕಥೆ ಮಾಡುವುದೂ ನನಗೆ ಬೇಡ. ರಾತ್ರಿ ಎರಡರ ತನಕ ಹೂವು ಪೋಣಿಸುವುದು ಖುಷಿಗಲ್ಲ. ಬೀದಿಯಲ್ಲಿ ಮಾರುವವರಲ್ಲಿ ಎಷ್ಟೋ ಮಂದಿ ಥಾಯ್ಲೆಂಡಿನ ಈಶಾನ್ಯದ ಈಸಾನ್ ಕಡೆಯ ಒಣ ಹಳ್ಳಿಗಳಿಂದ ಸಾಲ ತೀರಿಸಲು ಬಂದವರು, ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟು ಬಂದವರು. ಇದೇ ಊರಿನ ಕೆಲವು ಬೀದಿಗಳಲ್ಲಿ ರಾತ್ರಿ ಹೆಣ್ಣಿನ ಮೈಯೇ ವ್ಯಾಪಾರ, ಅದಕ್ಕೆ ಅಂತಲೇ ವಿಮಾನ ಹತ್ತುವ ಗಂಡಸರಲ್ಲಿ ನಮ್ಮ ದೇಶದವರೂ ಇದ್ದಾರೆ. ಅಲ್ಲಿನ ಹುಡುಗಿಯರಿಗೂ ಬಸ್ಸು ರೈಲಿನಲ್ಲಿ ಕಾಟ ತಪ್ಪಿಲ್ಲ, ನಾನು ಕಣ್ಣಾರೆ ನೋಡಿದೆನಲ್ಲ. ಕೈಯಲ್ಲಿ ಹೋಟೆಲಿನ ಬೀಗದ ಕಾರ್ಡು, ವಾಪಸ್ ಟಿಕೆಟ್ ಇರುವವಳ ನಿರಾಳ ಬೇರೆ, ಅಲ್ಲೇ ಬದುಕುವವಳದ್ದು ಬೇರೆ. ಇಷ್ಟೆಲ್ಲ ಒಪ್ಪಿಕೊಂಡ ಮೇಲೂ ಆ ಕಂಡಕ್ಟರ್ ಹಿಂಬದಿಯಿಂದ ನಡೆದು ಬಂದದ್ದು ನಿಜ.

ಕ್ಯಾಬಿನೊಳಗಿನ ರಾತ್ರಿ

ಬೆಂಗಳೂರಿನಲ್ಲೂ ರಾತ್ರಿ ದುಡಿಯುವ ಹೆಂಗಸರು ಕಮ್ಮಿ ಏನಿಲ್ಲ. ಆಸ್ಪತ್ರೆ, ಕಾಲ್ ಸೆಂಟರ್, ಸಾಫ್ಟ್‌ವೇರ್, ಲೆಕ್ಕ ಹಾಕಿದರೆ ಸಾವಿರಾರು. ಆದರೆ ಅವರನ್ನು ಬೀದಿ ನೋಡಿದ್ದಿಲ್ಲ. 2005ರಲ್ಲಿ ಇಲ್ಲಿ ಕಾಲ್ ಸೆಂಟರ್ ಉದ್ಯೋಗಿಯೊಬ್ಬರ ಕೊಲೆಯಾದ ಮೇಲೆ ಕ್ಯಾಬಿನ ನಿಯಮಗಳು ಬಿಗಿಯಾದವು. ಮನೆ ಬಾಗಿಲಿಂದ ಕರೆದುಕೊಂಡು ಹೋಗಬೇಕು, ಮನೆ ಬಾಗಿಲಿಗೆ ಬಿಡಬೇಕು, ಕೊನೆಗೆ ಇಳಿಯುವವಳು ಹೆಣ್ಣಾದರೆ ಗಾರ್ಡ್ ಜೊತೆಗಿರಬೇಕು. ನಾನೂ ವರ್ಷಗಟ್ಟಲೆ ಹಾಗೇ ಮನೆಗೆ ಬಂದೆ. ಆ ನಿಯಮ ಬೇಡ ಅಂತ ನಾನು ಹೇಳುವುದಿಲ್ಲ, ಅದು ಬಂದದ್ದು ಒಂದು ಜೀವ ಹೋದ ಮೇಲೆ. ಆದರೆ ಕ್ಯಾಬು ನಮ್ಮನ್ನು ಕಾಪಾಡಿತೇ ಹೊರತು ಬೀದಿಯನ್ನು ಮುಟ್ಟಲಿಲ್ಲ. ಗಾಜು ಏರಿಸಿದ ಕಾರಿನಿಂದ ನೋಡಿದರೆ ಹೊರಗೆ ಬರೀ ಗಂಡಸರು. ಟೀ ಅಂಗಡಿಯಲ್ಲಿ, ಬೀಡಾ ಅಂಗಡಿಯಲ್ಲಿ, ಬಾರಿನ ಮುಂದೆ. ಅಂಥ ರಸ್ತೆಗೆ ಒಬ್ಬಳು ಇಳಿದರೆ ಅವಳು ಒಬ್ಬಳೇ.

ನಮ್ಮ ಏರಿಯಾದ ಕ್ರಾಸಿನಲ್ಲಿ ಹೂ ಮಾರುವ ಒಬ್ಬರಿದ್ದಾರೆ. ಅವರು ಮೊಳ ಅಳೆಯುತ್ತಾ ಕೂತಿರುವ ತನಕ ಆ ತಿರುವಿನಲ್ಲಿ ನನ್ನ ನಡಿಗೆ ಮಾಮೂಲು. ಎಂಟಕ್ಕೆ ಅವರು ಬುಟ್ಟಿ ಕಟ್ಟಿದರೆ ಅದೇ ತಿರುವು ಬೇರೆ ಜಾಗ. ದೀಪ ಅದೇ, ಕ್ಯಾಮೆರಾ ಅದೇ. ಯಾಕೆ ಬೇಗ ಹೋಗ್ತೀರಿ ಅಂತ ಕೇಳಿದ್ದೆ. "ಆಮೇಲೆ ಕುಡುಕರ ಕಾಟ, ಬಾತ್ರೂಮಿಗೆ ಹೋಗೋಕೆ ಜಾಗ ಇಲ್ಲ ಕಣಮ್ಮ" ಅಂದರು. ಪಾಕ್ ಖ್ಲಾಂಗ್ ತಲಾತಿನಲ್ಲಿ ನಾನು ಬಳಸಿದ ಶೌಚಾಲಯ ನೆನಪಾಯಿತು. ಕೆಲವು ಬಾತ್ ಕೊಟ್ಟರೆ ರಾತ್ರಿಯೂ ತೆರೆದಿರುತ್ತದೆ, ಬಾಗಿಲಲ್ಲಿ ದುಡ್ಡು ತೆಗೆದುಕೊಳ್ಳಲು ಕೂತವಳೂ ಹೆಂಗಸೇ. ಮಹಿಳಾ ಸುರಕ್ಷತೆ ಅಂತ ಆ್ಯಪ್ ಮಾಡುವವರಿಗೆ ಈ ಒಂದು ಮಾತು ಕೇಳಿಸಬೇಕು ಅನ್ನಿಸುತ್ತದೆ. ಆ ಹೂವಿನವರಿಗೆ ಒಂದು ಶೌಚಾಲಯ ಕಟ್ಟಿಸಿ, ರಾತ್ರಿ ಹತ್ತರ ತನಕ ನಮ್ಮ ಕ್ರಾಸನ್ನು ಅವರು ನೋಡಿಕೊಳ್ಳುತ್ತಾರೆ.

ಇದರ ಬದಲು ಆಗುತ್ತಿರುವುದು ತೆರವು ಕಾರ್ಯಾಚರಣೆ. ಬ್ಯಾಂಕಾಕಿನ ಆಡಳಿತವೂ ಅದನ್ನೇ ಮಾಡಿತು. 2016ರಲ್ಲಿ ಇದೇ ಹೂಮಾರುಕಟ್ಟೆಯ ಫುಟ್‌ಪಾತಿನಲ್ಲಿ ಕೂತವರನ್ನು ಎಬ್ಬಿಸಿತು. ನಾನು ಕಂಡದ್ದು ಅದಾದ ಮೇಲೆ ಕಟ್ಟಡದ ಒಳಗೆ, ಅಂಚಿನಲ್ಲಿ ಉಳಿದ ಮಾರುಕಟ್ಟೆ. ಅಷ್ಟಕ್ಕೇ ಇಷ್ಟು ಜೀವ ಇದ್ದರೆ ಮೊದಲು ಹೇಗಿತ್ತೋ. ನಮ್ಮಲ್ಲಿ 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಇದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ವ್ಯಾಪಾರಿಗಳ ಪ್ರತಿನಿಧಿಗಳು ನೂರಕ್ಕೆ 40ಕ್ಕಿಂತ ಕಮ್ಮಿ ಇರಬಾರದು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರಿರಬೇಕು ಅಂತ ಅದರಲ್ಲೇ ಬರೆದಿದೆ. ಫುಟ್‌ಪಾತು ನಡೆಯುವವರಿಗೆ ಬೇಕು ಅನ್ನುವುದು ನ್ಯಾಯವೇ, ನಾನೂ ದಿನಾ ನಡೆಯುವವಳೇ. ಆದರೆ ಖಾಲಿ ಮಾಡಿದ ಫುಟ್‌ಪಾತಿನಲ್ಲಿ ರಾತ್ರಿ ಯಾರು ನಡೆಯುತ್ತಾರೆ ಅಂತಲೂ ನೋಡಬೇಕಲ್ವಾ?

ಚಿಕ್ಕಮ್ಮನ ಮಗಳು ಮುಂದಿನ ತಿಂಗಳು ಬ್ಯಾಂಕಾಕಿಗೆ ಹೊರಟಿದ್ದಾಳೆ, ಅವಳೂ ಒಬ್ಬಳೇ. ಮೊದಲ ದಿನ ಏನು ನೋಡಲಿ ಅಕ್ಕ ಅಂತ ಮೆಸೇಜ್ ಮಾಡಿದ್ದಳು. ಅರಮನೆ, ದೇವಸ್ಥಾನ ಎರಡನೇ ದಿನಕ್ಕೆ ಇಟ್ಟುಕೋ ಅಂತ ಬರೆದೆ. ಏರ್‌ಪೋರ್ಟಿನಿಂದ ರೈಲಿನಲ್ಲೇ ಬಾ. ಮಧ್ಯಾಹ್ನ ಏಸಿ ಇಲ್ಲದ ಬಸ್ಸು ಹತ್ತು, ಹಿಂದೆ ಕೂತರೆ ಇಡೀ ಬಸ್ಸು ಕಾಣಿಸುತ್ತದೆ. ರಾತ್ರಿ ಒಂಬತ್ತರ ಮೇಲೆ ಹೂಮಾರುಕಟ್ಟೆಗೆ ಹೋಗು, ಸನಾಮ್ ಚಾಯ್ ಮೆಟ್ರೋ ಸ್ಟೇಷನ್ನಿನಿಂದ ನಡೆಯುವಷ್ಟು ಹತ್ತಿರ, ಹನ್ನೊಂದಕ್ಕೆ ಹೊರಟರೂ ವಾಪಸ್ ರೈಲು ಸಿಗುತ್ತದೆ. ಊರಿನಿಂದ ಒಂದು ಕಟ್ಟು ಬಾಳೆನಾರು ತಗೊಂಡು ಹೋಗು, ಅಲ್ಲಿಯ ದಾರದಲ್ಲಿ ಗಂಟು ನಿಲ್ಲುವುದಿಲ್ಲ. ಮತ್ತೆ, ಏರ್‌ಪೋರ್ಟಿನಲ್ಲೇ ಚಿಲ್ಲರೆ ಮಾಡಿಸಿಕೋ. ಎಂಟು ಬಾತಿನ ಟಿಕೆಟ್ಟಿಗೆ ಸಾವಿರದ ನೋಟು ಚಾಚಿದರೆ ಆ ಕಂಡಕ್ಟರ್ ಸುಮ್ಮನೆ ಬಿಡುವುದಿಲ್ಲ.